ಕಾಕಾನ ತಲೆಪಟ್ಟಿಗೆ ಬೀಗ ಹಾಕಿದ್ದು: ನನ್ನ ಅನುಭವ

ನಮ್ಮ ಕಾಕಾನಿಗೆ ಮಾತಿಲ್ಲ, ಕೈ ಆಡುವುದಿಲ್ಲ. ಕಣ್ಣು ಮುಚ್ಚಿದಾಗ ಮಿದುಳಿನಲ್ಲಿ ಏಳುವ ಆಲ್ಫಾ ಅಲೆ ಹಿಡಿದು ಫ್ಯಾನ್, ಕರೆಗಂಟೆ ನಡೆಸುವ ಇಇಜಿ (ಮಿದುಳಿನ ವಿದ್ಯುತ್ ಅಲೆ ಓದುವ) ತಲೆಪಟ್ಟಿ ಮಾಡಿಕೊಟ್ಟಿದ್ದೇನೆ. ನೆಟ್ ಇಲ್ಲದೆ, ಕ್ಲೌಡ್ ಇಲ್ಲದೆ ಇದು ಆಗದ ಕೆಲಸ ಎಂದು ರಾಯಚೂರಿನ ಗೆಳೆಯರೇ ಹೇಳಿದ್ದರು. ಈಗ ಬಂದು ನೋಡಿ ಹೋಗುತ್ತಾರೆ.

ತಲೆಪಟ್ಟಿಯಿಂದ ಫ್ಯಾನಿಗೆ ಕಮಾಂಡ್ ಕಳಿಸಲು ಮೊದಲು ಎಚ್‌ಸಿ-05 ಎಂಬ ಅಗ್ಗದ ಬ್ಲೂಟೂತ್ ಬೋರ್ಡ್ ಹಾಕಿದ್ದೆ. ಅದರ ಪಿನ್ 1234 ಅಂತ ಎಲ್ಲರಿಗೂ ಗೊತ್ತು, ಅಲ್ವಾ? ಅಂಗಡಿ ಹುಡುಗನನ್ನು ಪಕ್ಕದ ಕೋಣೆಯಲ್ಲಿ ಕೂರಿಸಿದೆ. ಲ್ಯಾಪ್‌ಟಾಪ್‌ನಿಂದ ಜೋಡಿಸಿ ಫ್ಯಾನ್ ನಿಲ್ಲಿಸಿಯೇ ಬಿಟ್ಟ. ನಮ್ಮೂರ ಮೇ ತಿಂಗಳ ಸೆಕೆಯಲ್ಲಿ ಫ್ಯಾನ್ ನಿಂತರೆ, ಕೂಗಿ ಕರೆಯಲಾಗದವರು ಏನು ಮಾಡಬೇಕು?

ಆಮೇಲೆ ತಲೆಪಟ್ಟಿ, ಫ್ಯಾನ್ ಎರಡೂ ಕಡೆ ಇಎಸ್‌ಪಿ32 ಎಂಬ ವೈರ್‌ಲೆಸ್ ಚಿಪ್ ಕೂರಿಸಿ, ಕಮಾಂಡನ್ನು ಗುಟ್ಟಿನ ಕೀಯಿಂದ ಮರೆಮಾಚುವ ಎಇಎಸ್ ಹಾಕಿದೆ. ಅದೂ ಸಾಲಲಿಲ್ಲ. ಕಮಾಂಡ್ ಏನೆಂದು ಓದಲು ಬರದಿದ್ದರೂ ಗಾಳಿಯಲ್ಲಿ ಹೋದ ಹಳೆ ಪ್ಯಾಕೆಟ್ (ಕಮಾಂಡಿನ ಕಟ್ಟು) ಹಿಡಿದಿಟ್ಟು ಮತ್ತೆ ಬಿಟ್ಟರೆ ಸಾಕು, ಗಂಟೆ ಬಡಿಯುತ್ತಿತ್ತು. ಪ್ರತಿ ಕಮಾಂಡಿಗೂ ಏರುವ ಎಣಿಕೆ ಸೇರಿಸಿ, ಅದನ್ನು ಯಾರೂ ತಿದ್ದದಂತೆ ಕೀಯಿಂದ ಒತ್ತುವ ಮುದ್ರೆ ಎಚ್‌ಮ್ಯಾಕ್ ಹಾಕಿದ ಮೇಲೆ ಹಳೆಯವು ಬಿದ್ದುಹೋದವು. ಆದರೆ ಕರೆಂಟ್ ಹೋಗಿ ಬಂದರೆ ಎಣಿಕೆ ಸೊನ್ನೆ, ಮತ್ತೆ ಅದೇ ಕಾಟ. ಕರೆಂಟ್ ಹೋದರೂ ಅಳಿಯದ ಫ್ಲ್ಯಾಷ್ ಮೆಮೊರಿಯಲ್ಲಿ ಪ್ರತಿ ಸಲ ಬರೆದರೆ ಫ್ಲ್ಯಾಷ್ ಸವೆಯುತ್ತದೆ. ಸವೆಯದಂತೆ ಎಣಿಕೆ ಉಳಿಸುವ ದಾರಿ ಕಂಡುಕೊಂಡಿದ್ದೇನೆ. ಆ ಕೋಡ್ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಖರ್ಚು, ಮಿದುಳಿನ ಅಲೆ ಅಳೆಯುವ ಎಡಿಎಸ್1299 ಚಿಪ್ಪಿನ ಬೋರ್ಡ್ ಸೇರಿ, 22,000 ರೂಪಾಯಿ ಆಸುಪಾಸು. ಅದರಲ್ಲಿ ಭದ್ರತೆಗೆ ಹೋದದ್ದು ಹೆಚ್ಚೆಂದರೆ 1,000. ಬೆವರಿಗೆ ಕೆಟ್ಟ ಎಲೆಕ್ಟ್ರೋಡ್‌ಗಳೇ ಅದಕ್ಕಿಂತ ಜಾಸ್ತಿ ತಿಂದವು.

ನಡುವೆ ಇನ್ನೊಂದು ಹುಚ್ಚು ಹತ್ತಿತು. 2012ರಲ್ಲಿ ಸಂಶೋಧಕರು ಎಮೋಟಿವ್ ಕಂಪನಿಯ ಅಗ್ಗದ ಇಇಜಿ ಹೆಡ್‌ಸೆಟ್ ಇಟ್ಟುಕೊಂಡೇ ಜನರ ಬ್ಯಾಂಕ್, ಪಿನ್ನಿನ ಅಂಕಿ, ಹುಟ್ಟಿದ ತಿಂಗಳು ಊಹಿಸಲು ಹೊರಟಿದ್ದರು. ಸುಮ್ನೆ ಊಹಿಸುವುದಕ್ಕಿಂತ ಚೆನ್ನಾಗಿಯೇ ಹೊಂದಿಸಿದ್ದರು. ನಾನೂ ಅಳಿಯನ ನೆತ್ತಿಯ ಹಿಂಭಾಗಕ್ಕೆ ಎಲೆಕ್ಟ್ರೋಡ್ ಇಟ್ಟು ಪರದೆಯಲ್ಲಿ ಅಂಕಿಗಳನ್ನು ಮಿನುಗಿಸಿದೆ. ಅವನು ಮನಸ್ಸಿನಲ್ಲಿಟ್ಟ ಅಂಕಿ ಬಂದು ಸುಮಾರು 300 ಮಿಲಿಸೆಕೆಂಡಿಗೆ ಅಲೆ ಏಳಬೇಕು. ಒಂದೇ ಮಿನುಗಿಗೆ ಏನೂ ಕಾಣಲಿಲ್ಲ. ಹತ್ತಾರು ಸರಾಸರಿ ತೆಗೆದ ಮೇಲೆ ಅರ್ಧಕ್ಕಿಂತ ಹೆಚ್ಚು ಸಲ ಸರಿಯಾಗಿ ಹೇಳಿದೆ. ಅವನು ಹೆದರಿ ಪಟ್ಟಿ ಕಿತ್ತಿಟ್ಟ.

ಅಂದಿನಿಂದ ಕಾಕಾನ ಕಚ್ಚಾ ಅಲೆ ತಲೆಪಟ್ಟಿ ಬಿಟ್ಟು ಹೊರಗೆ ಬರುವುದಿಲ್ಲ. ಲೆಕ್ಕವೆಲ್ಲ ಒಳಗೇ ಮುಗಿಯುತ್ತದೆ, ಆಚೆ ಬರುವುದು ಗಂಟೆ ಅಥವಾ ಫ್ಯಾನ್, ಅಷ್ಟೇ. ದೇವದುರ್ಗದಿಂದ ಒಬ್ಬರು ತಮ್ಮ ತಾಯಿಗೂ ಬೇಕೆಂದಿದ್ದಾರೆ. ಅವರ ಡಬ್ಬಿಗೆ ಬೇರೆಯೇ ಕೀ ಬರೆಯುತ್ತಿದ್ದೇನೆ. ಎಲ್ಲಕ್ಕೂ ಒಂದೇ ಕೀ ಹಾಕಿದರೆ, ಒಂದು ಡಬ್ಬಿ ಬಿಚ್ಚಿದವನಿಗೆ ಎಲ್ಲ ಮನೆಗಳೂ ತೆರೆದಂತೆ.