ಕಿತ್ತು ಬಂದ ಪಾಪ್-ಅಪ್ ರೂಫ್ ಮತ್ತೆ ಗಟ್ಟಿಯಾಗಿದ್ದು

ವೇಲ್ಸ್‌ನಲ್ಲಿ ಎರಡು ದಿನ ಬಿಡದೆ ಮಳೆ. ಮೂರನೇ ದಿನ ಬೆಳಿಗ್ಗೆ ನಮ್ಮ ಕ್ಯಾಂಪರ್‌ವ್ಯಾನಿನ (ಒಳಗೇ ಮಲಗಬಹುದಾದ ಪ್ರವಾಸದ ವ್ಯಾನ್) ಪಾಪ್-ಅಪ್ ರೂಫ್, ಅಂದರೆ ಮೇಲೆತ್ತಬಹುದಾದ ಚಾವಣಿ, ಎತ್ತಿದಾಗ ‘ಟಕ್’ ಅಂತ ಸದ್ದಾಯಿತು, ರೂಫ್ ಎಡಕ್ಕೆ ವಾಲಿತು. ಹಿಂದಿನ ಕೀಲಿನ ಬ್ರಾಕೆಟ್ ನಾಲ್ಕೂ ಸ್ಕ್ರೂ ಸಮೇತ ಕಿತ್ತು ಬಂದಿತ್ತು. ಅದು ಕೂತಿದ್ದ ಮರದ ಪಟ್ಟಿ ಕಪ್ಪಗಾಗಿತ್ತು. ಉಗುರಿನಿಂದ ಒತ್ತಿದರೆ ಚಹಾದಲ್ಲಿ ಅದ್ದಿದ ರಸ್ಕ್ ಥರ ಉದುರುತ್ತಿತ್ತು.

ಸುಮ್ನೆ ದಪ್ಪ ಸ್ಕ್ರೂ ಹಾಕಿಬಿಡೋಣ ಅನ್ನಿಸಿತು. ಆದರೆ ಕೊಳೆತ ಮರ ಯಾವ ಸ್ಕ್ರೂವನ್ನೂ ಹಿಡಿಯಲ್ಲ, ಅಲ್ವಾ?

ಬ್ರಾಕೆಟ್ ಮುಟ್ಟುವ ಮುಂಚೆ ರೂಫ್‌ಗೆ ಮರದ ಆಸರೆ ಕೊಡಿ. ಇದನ್ನು ಮಾತ್ರ ಮರೀಬೇಡಿ. ರೂಫ್ ಎತ್ತಿ ಹಿಡಿಯುವ ಗ್ಯಾಸ್ ತುಂಬಿದ ದಂಡದಲ್ಲಿ (ಗ್ಯಾಸ್ ಸ್ಟ್ರಟ್) ಒತ್ತಡ ಇದ್ದೇ ಇರುತ್ತೆ, ಬೆರಳು ಸಿಕ್ಕಿಕೊಂಡರೆ ಜಜ್ಜಿಹೋಗುತ್ತೆ.

ಕೊಳೆತದ್ದನ್ನೆಲ್ಲ ಉಳಿಯಿಂದ ಕೆರೆದು ತೆಗೆದೆ. ಒಂದು ವಾರ ಒಣಗಲು ಬಿಟ್ಟೆ, ಒದ್ದೆ ಮರಕ್ಕೆ ಎಪಾಕ್ಸಿ (ಗಟ್ಟಿಯಾಗುವ ಅಂಟು) ಸರಿಯಾಗಿ ಹಿಡಿಯಲ್ಲ. ಆಮೇಲೆ ನೀರು ತಾಳುವ ಮೆರೈನ್ ಪ್ಲೈವುಡ್ ತುಂಡೊಂದನ್ನು ಎಪಾಕ್ಸಿಯಲ್ಲಿ ಕೂರಿಸಿದೆ. ಸ್ಕ್ರೂ ಬದಲು 6 ಎಂಎಂ ಸ್ಟೇನ್‌ಲೆಸ್ ಬೋಲ್ಟ್‌ಗಳನ್ನೇ ಆರಪಾರ ಹಾಕಿದೆ. ಹೊರಗಡೆ ಅಗಲವಾದ ವಾಷರ್, ಅದರಡಿ ನೀರು ಒಳಗಿಳಿಯದಂತೆ ಸಂದು ಮುಚ್ಚುವ ಪಾಲಿಯುರೆಥೇನ್ ಸೀಲಂಟ್. ಜಾಸ್ತಿ ಬಿಗಿಯಬೇಡಿ, ರೂಫಿನ ಫೈಬರ್‌ಗ್ಲಾಸ್ ಬಿರುಕು ಬಿಡುತ್ತೆ. ಸೀಲಂಟ್ ಅಂಚಿನಲ್ಲಿ ತುಸು ಉಕ್ಕಿದಾಗ ನಾನು ನಿಲ್ಲಿಸಿದೆ.

ನೀರು ಎಲ್ಲಿಂದ ಬಂತು? ರೂಫ್ ರೈಲಿನ (ಚಾವಣಿ ಮೇಲಿನ ಉದ್ದ ಪಟ್ಟಿ) ಹಳೇ ಸೀಲಂಟ್ ಕೂದಲೆಳೆಯಷ್ಟು ಬಿಟ್ಟುಕೊಂಡಿತ್ತು. ಅದನ್ನೂ ಕಿತ್ತು ಹೊಸದಾಗಿ ಹಾಕಿದೆ. ಮರುದಿನ ಪೈಪಿನಿಂದ ಹತ್ತು ನಿಮಿಷ ನೀರು ಬಿಟ್ಟೆವು. ನನ್ನ ಹೆಂಡತಿ ಒಳಗೆ ಟಾರ್ಚ್ ಹಿಡಿದು ಪ್ಲೈವುಡ್ ಮುಟ್ಟಿ ನೋಡಿ, “ಒಣಗೇ ಇದೆ ರೀ” ಅಂದಳು.