ಶೆಡ್ಡಿನಲ್ಲಿ ಮಲಗಿದ ಬೋಟು: ಹಗ್ಗ ಎಳೆಯುವ ಮುಂಚೆ ಇಷ್ಟು ನೋಡಿ

ತುಂಗಭದ್ರಾ ಡ್ಯಾಮಿಗೆ ಒಳಹರಿವು ಶುರುವಾದಾಗಲೇ ನಮಗೆ ಶೆಡ್ಡಿನ ಬೋಟು ನೆನಪಾಗುವುದು. ಟಾರ್ಪಾಲು ಎತ್ತಿ, ಧೂಳು ಕೊಡವಿ, ಸ್ಟಾರ್ಟರ್ ಹಗ್ಗ ಎಳೆದರೆ ಎಂಜಿನ್ ಮಿಸುಕುವುದೇ ಇಲ್ಲ. ಲಿಂಗಸುಗೂರು ಕಡೆ ಕೃಷ್ಣೆಯ ನಡುಗಡ್ಡೆಗಳಿಗೆ ಹೋಗುವ ಬೋಟಿಗೂ ಇದೇ ಪಾಡು. ವರ್ಷವಿಡೀ ಸುಮ್ನೆ ನಿಂತಿರುತ್ತದೆ. ನಾರಾಯಣಪುರ ಡ್ಯಾಮಿನಿಂದ ನೀರು ಬಿಟ್ಟ ದಿನ ಮಾತ್ರ ಒಂದೇ ಎಳೆತಕ್ಕೆ ಎದ್ದುಬಿಡಬೇಕು!

ನಮ್ಮ ಕಡೆ ಹರಿಗೋಲೇ ಜಾಸ್ತಿ, ಮೋಟಾರು ಬೋಟು ಕಡಿಮೆ. ಹಾಗಾಗಿ ಬೈಕ್ ಮೆಕ್ಯಾನಿಕ್ಕೇ ಗತಿ. ಅದೇನೂ ತಪ್ಪಲ್ಲ. ಟು ಸ್ಟ್ರೋಕ್ ಔಟ್‌ಬೋರ್ಡ್, ಅಂದರೆ ಬೋಟಿನ ಹಿಂಬದಿಗೆ ಕಚ್ಚಿಸುವ ಎಂಜಿನ್ನಿನ ಮೇಲಿನ ಅರ್ಧ ಹಳೇ ಬೈಕಿನ ಹಾಗೇ ಇರುತ್ತದೆ. ಕೆಳಗಿನ ಅರ್ಧ ಮಾತ್ರ ಬೈಕಿನಲ್ಲಿಲ್ಲ. ಅದನ್ನು ನೀವೇ ನೋಡಿಕೊಳ್ಳಬೇಕು.

ಮೊದಲು ಮುಚ್ಚಳ ಬಿಚ್ಚಿ. ಇಲಿ ಗೂಡು ಕಟ್ಟಿದೆಯಾ, ವೈರು ಕಡಿದಿದೆಯಾ ನೋಡಿ. ಆಮೇಲೆ ಸ್ಪಾರ್ಕ್ ಪ್ಲಗ್ ಬಿಚ್ಚಿ, ಆ ತೂತಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಹತ್ತು ನಿಮಿಷ ಕಾಯಿರಿ. ಈಗ ಹಗ್ಗವನ್ನು ಮೆಲ್ಲಗೆ ಎಳೆಯಿರಿ. ಸಲೀಸಾಗಿ ತಿರುಗಿದರೆ ಸರಿ. ಬಿಗಿಯಾಗಿದ್ದರೆ ಜೋರು ಮಾಡಬೇಡಿ, ಇನ್ನಷ್ಟು ಆಯಿಲ್ ಬಿಟ್ಟು ಒಂದು ರಾತ್ರಿ ಬಿಡಿ. ತುಕ್ಕು ಹಿಡಿದ ಪಿಸ್ಟನ್ ರಿಂಗನ್ನು ಒತ್ತಾಯಕ್ಕೆ ತಿರುಗಿಸಿದರೆ ಸಿಲಿಂಡರ್ ಗೀರುತ್ತದೆ.

ಇನ್ನು ಪೆಟ್ರೋಲು. ನಿಂತ ಬೋಟಿನ ಮುಕ್ಕಾಲು ತಕರಾರು ಇಲ್ಲೇ ಎನ್ನುತ್ತೇನೆ ನಾನು. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೂ ಎಥೆನಾಲ್ ಇರುತ್ತದೆ. ಅದು ಗಾಳಿಯ ತೇವವನ್ನು ಹೀರುತ್ತದೆ. ತೇವ ಜಾಸ್ತಿಯಾದರೆ ನೀರು, ಎಥೆನಾಲ್ ಎರಡೂ ಸೇರಿ ಪೆಟ್ರೋಲಿನಿಂದ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಎಂಜಿನ್ ಹೀರುವುದು ಆ ತಳದಿಂದಲೇ ಅಲ್ವಾ? ಒಂದು ಗಾಜಿನ ಬಾಟಲಿಗೆ ತಳದ ಪೆಟ್ರೋಲು ಹಿಡಿದು ಬೆಳಕಿಗೆ ಇಡಿ. ಎರಡು ಪದರ ಕಂಡರೆ, ಬಣ್ಣ ಕಪ್ಪಾಗಿದ್ದರೆ, ವಾರ್ನಿಷ್ ವಾಸನೆ ಬಂದರೆ ಪೂರ್ತಿ ಖಾಲಿ ಮಾಡಿ. ಹೊಸದನ್ನು ಅರ್ಧ ಬೆರೆಸಿ ನಡೆಸುವ ಜಿಪುಣತನ ಬೇಡ. ಟು ಸ್ಟ್ರೋಕಿಗೆ ಸಾಮಾನ್ಯವಾಗಿ ಲೀಟರ್ ಪೆಟ್ರೋಲಿಗೆ 20 ಮಿಲಿ ಟು ಸ್ಟ್ರೋಕ್ ಆಯಿಲ್ ಬೆರೆಸಬೇಕು, ಅಂದರೆ 50ಕ್ಕೆ 1. ನಿಮ್ಮ ಎಂಜಿನ್ ಪುಸ್ತಕ ಬೇರೆ ಹೇಳಿದ್ದರೆ ಅದೇ ಸರಿ.

ಹಳೇ ಪೆಟ್ರೋಲು ಆರಿ ಕಾರ್ಬ್ಯುರೇಟರಿನಲ್ಲಿ ಅಂಟಾಗಿ ಕೂತಿರುತ್ತದೆ. ಚೋಕ್ ಎಳೆದಾಗ ಮಾತ್ರ ಓಡಿ, ಚೋಕ್ ಬಿಟ್ಟರೆ ನಿಲ್ಲುತ್ತಿದ್ದರೆ ಜೆಟ್, ಅಂದರೆ ಪೆಟ್ರೋಲು ಬರುವ ಸಣ್ಣ ತೂತು, ಕಟ್ಟಿದೆ ಎಂದೇ ಅರ್ಥ. ಕ್ಲೀನರ್ ಹೊಡೆದು ಗಾಳಿ ಊದಿಸಿ. ಸೂಜಿ ಹಾಕಿ ಕೆದಕಬೇಡಿ, ತೂತು ದೊಡ್ಡದಾಗುತ್ತದೆ. ಪೆಟ್ರೋಲು ಪೈಪಿನ ಮಧ್ಯದ ರಬ್ಬರ್ ಬಲ್ಬ್ ಒತ್ತಿ ನೋಡಿ. ಎಷ್ಟು ಒತ್ತಿದರೂ ಗಟ್ಟಿಯಾಗದಿದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ. ನಮ್ಮ ಬೇಸಿಗೆಗೆ ಶೆಡ್ಡಿನೊಳಗೂ ರಬ್ಬರ್ ಸೀಳುತ್ತದೆ.

ಒಮ್ಮೆ ನನ್ನ ಎಂಜಿನ್ ಐದು ನಿಮಿಷ ಓಡಿ ಸಾಯುತ್ತಿತ್ತು. ಮೆಕ್ಯಾನಿಕ್ ಒಬ್ಬರು ಕಾರ್ಬ್ಯುರೇಟರ್ ಎರಡು ಸಲ ಬಿಚ್ಚಿ, ಎರಡು ಸಲವೂ ದುಡ್ಡು ತೆಗೆದುಕೊಂಡರು. ಕೊನೆಗೆ ನೋಡಿದರೆ ಟ್ಯಾಂಕ್ ಮುಚ್ಚಳದ ಗಾಳಿ ತಿರುಪು ಮುಚ್ಚಿತ್ತು, ಅಷ್ಟೇ. ಇನ್ನೊಂದು ಸಲ ಎಂಜಿನ್ ಆಫ್ ಮಾಡುವ ಕೆಂಪು ದಾರದ ಕ್ಲಿಪ್ಪನ್ನು ಸ್ವಿಚ್ಚಿಗೆ ಸಿಕ್ಕಿಸದೆ ಅರ್ಧ ಗಂಟೆ ಹಗ್ಗ ಎಳೆದಿದ್ದೆ. ಅದಕ್ಕೆ ಯಾರನ್ನೂ ಬೈಯುವ ಹಾಗಿರಲಿಲ್ಲ.

ಸೆಲ್ಫ್ ಸ್ಟಾರ್ಟ್ ಇದ್ದರೆ ಬ್ಯಾಟರಿ ಅಳೆಯಿರಿ. 12.6 ವೋಲ್ಟ್ ಇದ್ದರೆ ತುಂಬಿದೆ, 12ಕ್ಕಿಂತ ಕೆಳಗಿದ್ದರೆ ಖಾಲಿ ಎಂದೇ ಲೆಕ್ಕ.

ಈಗ ಕೆಳಗಿನ ಅರ್ಧಕ್ಕೆ ಬನ್ನಿ. ಈ ಎಂಜಿನ್ನಿಗೆ ರೇಡಿಯೇಟರ್ ಇಲ್ಲ, ಹೊಳೆ ನೀರೇ ತಂಪು ಮಾಡಬೇಕು. ಆ ನೀರನ್ನು ಎತ್ತುವುದು ಇಂಪೆಲ್ಲರ್ ಎಂಬ ಪುಟ್ಟ ರಬ್ಬರ್ ಚಕ್ರ. ತಿಂಗಳುಗಟ್ಟಲೆ ಒಣಗಿ ನಿಂತರೆ ಅದರ ರೆಕ್ಕೆಗಳು ಬಾಗಿದಲ್ಲೇ ಸೆಟೆದುಕೊಳ್ಳುತ್ತವೆ. ಅದಕ್ಕೇ ಒಣನೆಲದ ಮೇಲೆ ಎಂಜಿನ್ ಚಾಲೂ ಮಾಡಲೇಬೇಡಿ. ಅರ್ಧ ನಿಮಿಷ ಸಾಕು, ರಬ್ಬರ್ ಹಾಳಾಗುತ್ತದೆ. ದೊಡ್ಡ ಡ್ರಮ್ಮಿಗೆ ನೀರು ತುಂಬಿ, ಎಂಜಿನ್ನಿನ ನೀರು ಎಳೆಯುವ ಜಾಲರಿ ಪೂರ್ತಿ ಮುಳುಗುವಂತೆ ಇಳಿಸಿ, ಗೇರ್ ಹಾಕದೆ ಓಡಿಸಿ. ಹಿಂದಿನ ಸಣ್ಣ ತೂತಿನಿಂದ ನೀರಿನ ಎಳೆ ಚಿಮ್ಮಬೇಕು. ಒಂದು ನಿಮಿಷದೊಳಗೆ ಬರದಿದ್ದರೆ ಆಫ್ ಮಾಡಿ. ಮೊದಲು ಆ ತೂತಿಗೆ ತೆಳ್ಳನೆ ತಂತಿ ಹಾಕಿ ನೋಡಿ, ಕಣಜ ಮಣ್ಣು ಮೆತ್ತಿ ಮುಚ್ಚಿರುವುದು ಮಾಮೂಲು. ಆಗಲೂ ನೀರು ಬಾರದಿದ್ದರೆ ಇಂಪೆಲ್ಲರ್ ಬದಲಿಸಿ.

ಗೇರ್ ಆಯಿಲ್ ನೋಡಲು ಪ್ರೊಪೆಲ್ಲರ್ ಬಳಿಯ ಗೇರ್ ಪೆಟ್ಟಿಗೆಯ ಕೆಳಗಿನ ತಿರುಪನ್ನು ಸ್ವಲ್ಪವೇ ಸಡಿಲಿಸಿ. ನೀರು ಭಾರ, ಒಳಗೆ ಹೊಕ್ಕಿದ್ದರೆ ಮೊದಲು ಅದೇ ಬರುತ್ತದೆ. ಆಯಿಲ್ ಹಾಲು ಬೆರೆಸಿದ ಚಹಾದ ಹಾಗಿದ್ದರೆ ನೀರು ತಡೆಯುವ ಸೀಲ್ ಹೋಗಿದೆ. ಹೊಸದನ್ನು ಕೆಳಗಿನ ತೂತಿನಿಂದಲೇ ತುಂಬಿ, ಮೇಲಿನ ತೂತಿನಲ್ಲಿ ಉಕ್ಕುವವರೆಗೆ. ಮೇಲಿನಿಂದ ಸುರಿದರೆ ಒಳಗೆ ಗಾಳಿ ಉಳಿಯುತ್ತದೆ. ಸೀಲ್ ಕೆಡಿಸುವುದು ಹೆಚ್ಚಾಗಿ ಮೀನಿನ ಬಲೆಯ ನೈಲಾನ್ ದಾರ. ಹಿನ್ನೀರಿನಲ್ಲಿ ಅದಕ್ಕೇನು ಬರ? ಪ್ರೊಪೆಲ್ಲರ್ ಬಿಚ್ಚಿ, ಶಾಫ್ಟಿಗೆ ಸುತ್ತಿದ ದಾರವನ್ನೆಲ್ಲ ಕತ್ತರಿಸಿ ತೆಗೆಯಿರಿ. ಎಂಜಿನ್ ಜೋರಾಗಿ ಕೂಗಿದರೂ ಬೋಟು ಮುಂದೆ ಹೋಗದಿದ್ದರೆ, ಸಣ್ಣ ಎಂಜಿನ್ನುಗಳಲ್ಲಿ ಶಿಯರ್ ಪಿನ್, ಅಂದರೆ ಪ್ರೊಪೆಲ್ಲರ್ ಏಟು ತಿಂದಾಗ ತಾನೇ ಮುರಿದು ಗೇರ್ ಉಳಿಸುವ ಪುಟ್ಟ ಕಡ್ಡಿ, ತುಂಡಾಗಿರುತ್ತದೆ. ಅದರ ಜಾಗಕ್ಕೆ ಮೊಳೆ ಹಾಕುವವರಿದ್ದಾರೆ. ಮುಂದಿನ ಸಲ ಬಂಡೆಗೆ ತಾಗಿದಾಗ ಮೊಳೆ ಮುರಿಯದೆ ಗೇರೇ ಹೋಗಬಹುದು.

ನೀರಿಗೆ ಇಳಿಸುವಾಗ ತಳದ ಬಿರಡೆ ಹಾಕಿದ್ದೀರಾ ನೋಡಿ, ಎಂಜಿನ್ ಕಚ್ಚಿಸಿದ ಬೋಲ್ಟ್ ಬಿಗಿ ಮಾಡಿ. ಲೈಫ್ ಜಾಕೆಟ್ ತೊಟ್ಟು, ಒಂದು ಹುಟ್ಟು ಇಟ್ಟುಕೊಂಡು, ಮೊದಲ ಅರ್ಧ ಗಂಟೆ ದಂಡೆಯ ಪಕ್ಕದಲ್ಲೇ ಓಡಾಡಿ.