ಗಾಡಿ ಬರುವ ಮೊದಲು ಅರ್ಥಿಂಗ್ ನೋಡಿಸಿ

ನಾನು ರಾಜಾಜಿನಗರದ ಸುತ್ತಮುತ್ತ ವೈರಿಂಗ್ ಕೆಲಸ ಮಾಡುವವನು. ಎಲೆಕ್ಟ್ರಿಕ್ ಕಾರು ಬುಕ್ ಮಾಡಿದವರು ಫೋನ್ ಮಾಡಿ, ‘ಪಾರ್ಕಿಂಗಲ್ಲಿ ಒಂದು ಪಾಯಿಂಟ್ ಹಾಕಿಕೊಡಿ’ ಎನ್ನುತ್ತಾರೆ. ಪಾಯಿಂಟ್ ಹಾಕುವುದು ದೊಡ್ಡದಲ್ಲ. ನಾನು ಮೊದಲು ನೋಡುವುದು ಅರ್ಥಿಂಗ್, ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ವ್ಯವಸ್ಥೆ.

ಹಳೇ ಮನೆಗಳಲ್ಲಿ ಮೂರು ಪಿನ್ನಿನ ಪ್ಲಗ್ ಇರುತ್ತದೆ, ಆದರೆ ಮೂರನೇ ವೈರು ನೆಲ ಮುಟ್ಟಿರುವುದೇ ಇಲ್ಲ. ಮಿಕ್ಸಿ, ಟಿವಿ ಹೇಗೋ ನಡೆಯುತ್ತವೆ. ಕಾರಿನ ಚಾರ್ಜರ್ ಅರ್ಥ್ ಸಿಗದಿದ್ದರೆ ಸಾಮಾನ್ಯವಾಗಿ ಶುರುವೇ ಆಗುವುದಿಲ್ಲ. ಮಳೆಯಲ್ಲಿ ನೆನೆದ ಗಾಡಿಯನ್ನು ಮಕ್ಕಳು ಮುಟ್ಟುತ್ತಾರೆ ಅಲ್ವಾ, ಅರ್ಥ್ ಇಲ್ಲದಿದ್ದರೆ ಶಾಕ್ ಹೊಡೆಯಬಹುದು. ಹಾಗಾಗಿ ಅರ್ಥ್ ಇಲ್ಲದೆಯೇ ಚಾರ್ಜ್ ಆಗುವಂತೆ ಬೈಪಾಸ್ ಮಾಡಿಕೊಡಿ ಎಂದು ಯಾರನ್ನೂ ಕೇಳಬೇಡಿ. ಮಲ್ಟಿಮೀಟರ್ ಹಿಡಿದರೆ ನ್ಯೂಟ್ರಲ್ಲಿಗೂ ಅರ್ಥಿಗೂ ನಡುವೆ ಒಂದೆರಡು ವೋಲ್ಟ್ ದಾಟಬಾರದು. ಜಾಸ್ತಿ ಇದ್ದರೆ ಹೊಸ ಅರ್ಥ್ ಗುಂಡಿ ತೆಗೆಸಿ. ಬೇಸಿಗೆಯಲ್ಲಿ ಆ ಗುಂಡಿ ಒಣಗುತ್ತದೆ, ಆಗಾಗ ನೀರು ಹಾಕುತ್ತಿರಿ.

ಆಮೇಲೆ ಮೀಟರ್ ಬೋರ್ಡಿನಿಂದ 4 ಸ್ಕ್ವೇರ್ ಎಂಎಂ ತಾಮ್ರದ ವೈರು ನೇರವಾಗಿ ಎಳೆಸಿ, ಕೊನೆಗೆ 16 ಆಂಪ್ ಪ್ಲಗ್. ಅದಕ್ಕೇ ಬೇರೆಯಾಗಿ, ಲೋಡ್ ಜಾಸ್ತಿಯಾದರೆ ಕರೆಂಟ್ ಕಡಿಯುವ ಎಂಸಿಬಿ, ಕರೆಂಟ್ ಸೋರಿದರೆ ಕಡಿಯುವ 30 ಮಿಲಿಆಂಪಿನ ಆರ್‌ಸಿಸಿಬಿ ಇರಲಿ. ಎಕ್ಸ್‌ಟೆನ್ಷನ್ ಬಾಕ್ಸ್ ಬೇಡವೇ ಬೇಡ, ಗಂಟೆಗಟ್ಟಲೆ ಕರೆಂಟ್ ಹರಿದು ಕರಗಿಹೋಗುತ್ತದೆ. ಈ ಪ್ಲಗ್ಗಿನಲ್ಲಿ 30 ಯೂನಿಟ್ಟಿನ ಬ್ಯಾಟರಿ ಪೂರ್ತಿ ತುಂಬಲು ಸುಮಾರು ಹತ್ತು ಗಂಟೆ ಬೇಕು. ಆಫೀಸಿಗೆ ಹೋಗಿಬರುವವರಿಗೆ ಅಷ್ಟು ಸಾಕು.

ಬೆಸ್ಕಾಂ ಬಿಲ್ಲಿನಲ್ಲಿ ಮಂಜೂರಾದ ಲೋಡ್, ಅಂದರೆ ನಿಮ್ಮ ಮನೆ ಒಟ್ಟಿಗೆ ಎಳೆಯಬಹುದಾದ ಕರೆಂಟಿನ ಮಿತಿ, ನೋಡಿ. ಚಾರ್ಜರ್ ಒಂದೇ 3.3 ಕಿಲೋವ್ಯಾಟ್ ಎಳೆಯುತ್ತದೆ, ಗೀಸರ್ 2. ನಿಮ್ಮದು 3 ಕಿಲೋವ್ಯಾಟ್ ಇದ್ದರೆ ಲೋಡ್ ಹೆಚ್ಚಿಸಲು ಮೊದಲೇ ಅರ್ಜಿ ಹಾಕಿ. ಗೃಹಜ್ಯೋತಿ ಇರುವವರೂ ಲೆಕ್ಕ ಹಾಕಿ: ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಅಪಾರ್ಟ್‌ಮೆಂಟಿನಲ್ಲಾದರೆ ಅಸೋಸಿಯೇಷನ್ ಒಪ್ಪಿಗೆ ಪತ್ರ ಪಡೆದು, ನಿಮ್ಮದೇ ಮೀಟರಿನಿಂದ ವೈರು ಎಳೆಸಿ.

‘ಕರೆಂಟೂ ಕಲ್ಲಿದ್ದಲಿನದೇ ತಾನೇ, ಏನು ಲಾಭ?’ ಎಂದು ಬಹಳ ಜನ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕೆಜಿ ಇಂಗಾಲದ ಡೈಆಕ್ಸೈಡ್. ಲೀಟರಿಗೆ 15 ಕಿ.ಮೀ. ಕೊಡುವ ಕಾರು 100 ಕಿ.ಮೀ. ಓಡಿದರೆ 15 ಕೆಜಿ. ಅಷ್ಟೇ ದೂರಕ್ಕೆ ಎಲೆಕ್ಟ್ರಿಕ್ ಕಾರಿಗೆ ಸುಮಾರು 15 ಯೂನಿಟ್ ಬೇಕು. ದೇಶದ ಸರಾಸರಿ ಯೂನಿಟ್ಟಿಗೆ 0.7 ಕೆಜಿ, ಅಂದರೆ ಹತ್ತೂವರೆ ಕೆಜಿ. ಬ್ಯಾಟರಿ ತಯಾರಿಸುವಾಗ ಆಗುವ ಹೊಗೆ ಬೇರೆ ಇದೆ, ಗಾಡಿಯನ್ನು ವರ್ಷಗಟ್ಟಲೆ ಓಡಿಸಿದರೆ ಅದು ತೀರುತ್ತದೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಿಂತ ಟ್ರಾಫಿಕ್ ಪೊಲೀಸರ ಮುಖಕ್ಕಂತೂ ನಿಮ್ಮ ಗಾಡಿಯ ಹೊಗೆ ಬಡಿಯುವುದಿಲ್ಲ.

ಕರೆಂಟಿನಿಂದಾಗುವ ಇಂಗಾಲದ ಲೆಕ್ಕವನ್ನು ಇನ್ನೂ ಕಡಿಮೆ ಮಾಡಬಹುದು. ರಜಾ ದಿನ ಗಾಡಿ ಮನೆಯಲ್ಲೇ ಇದ್ದರೆ ಬೆಳಿಗ್ಗೆ ಹತ್ತರಿಂದ ಮೂರರ ಒಳಗೆ ಚಾರ್ಜ್‌ಗೆ ಹಾಕಿ. ಆಗ ಪಾವಗಡದ ಸೋಲಾರ್ ಪಾರ್ಕಿನಂಥ ಕಡೆಗಳಿಂದ ಬಿಸಿಲಿನ ಕರೆಂಟ್ ಲೈನಿನಲ್ಲಿ ಹೇರಳವಾಗಿರುತ್ತದೆ. ಸಂಜೆ ಆರರಿಂದ ಹತ್ತರವರೆಗೆ ಊರೆಲ್ಲ ಲೈಟು, ಟಿವಿ ಹಾಕಿರುತ್ತದೆ, ಬಿಸಿಲೂ ಇರುವುದಿಲ್ಲ. ಆ ಹೊತ್ತು ಬಿಟ್ಟು, ಮಲಗುವಾಗ ಪ್ಲಗ್ ಹಾಕಿ.